ಹಗಲಿನ ರಕ್ತ

ಫೋರ್ಟ್ ಕೊಚ್ಚಿಯ ಫೈಲೇರಿಯಾ ಆಫೀಸಿನಲ್ಲಿ ವಿಠಲರಾಯರ ರಕ್ತಕ್ಕೆ ಒಂದು ಗೌರವವಿತ್ತು. ಕೆಲಸ ಕಲಿಯಲು ಹೊಸಬರು ಬಂದಾಗ ಮೊದಲ ದಿನ ಅವರಿಗೆ ಸೂಕ್ಷ್ಮದರ್ಶಕದಲ್ಲಿ ಎರಡು ಸ್ಲೈಡು ತೋರಿಸುತ್ತಿದ್ದರು. ಒಂದರಲ್ಲಿ ಹುಳ ಇರುತ್ತಿತ್ತು. ಅದು ಯಾರದಾದರೂ ಆಗಬಹುದಿತ್ತು. ಆ ಊರಿನಲ್ಲಿ ಅದಕ್ಕೆ ಬರವಿರಲಿಲ್ಲ. ಇನ್ನೊಂದರಲ್ಲಿ ಹುಳ ಇರುತ್ತಿರಲಿಲ್ಲ. ಅದು ಯಾವಾಗಲೂ ವಿಠಲರಾಯರದ್ದು.

ಹನ್ನೊಂದು ವರ್ಷದಿಂದ ಹಾಗೆಯೇ ನಡೆದುಬಂದಿತ್ತು. ಆರು ತಿಂಗಳಿಗೊಮ್ಮೆ ಆಫೀಸಿನವರೆಲ್ಲರ ರಕ್ತವನ್ನೂ ನೋಡಬೇಕೆಂಬ ನಿಯಮವಿತ್ತು. ಲಾಟೀನು ಹಿಡಿಯುವ ಪೈಲಿಗೆ ಎರಡು ಸಲ ಹುಳ ಕಂಡಿತ್ತು, ಗುಮಾಸ್ತನಿಗೆ ಒಂದು ಸಲ, ಡಾಕ್ಟರ್ ಕುರಿಯಾಕೋಸರಿಗೇ ಒಂದು ಸಲ. ವಿಠಲರಾಯರ ಸ್ಲೈಡು ಮಾತ್ರ ಮಳೆ ಸುರಿದು ಹೋದ ಮೇಲಿನ ಆಕಾಶದ ಹಾಗಿರುತ್ತಿತ್ತು. ಇದು ದಿನವೂ ಬಾಯಿಗೆ ಹಾಕಿಕೊಳ್ಳುವ ತುಳಸಿಯ ಗುಣವೋ ಹಿರಿಯರ ಪುಣ್ಯವೋ ಎಂದು ಅವರು ಯಾರ ಹತ್ತಿರವೂ ಚರ್ಚಿಸಿರಲಿಲ್ಲ. ಆದರೆ ದೇವರ ಮುಂದೆ ಕೂತು ಕೃತಜ್ಞತೆ ಹೇಳುವಾಗ ಅದನ್ನೂ ಬಿಡದೆ ಹೇಳುತ್ತಿದ್ದರು.

ಆನೆಕಾಲು ತರುವ ಆ ಹುಳದ ಸ್ವಭಾವವೇ ವಿಚಿತ್ರ. ಸೊಳ್ಳೆ ಅದನ್ನು ಒಬ್ಬರ ಮೈಯಿಂದ ಎತ್ತಿ ಇನ್ನೊಬ್ಬರ ಮೈಗೆ ಇಳಿಸುತ್ತದೆ. ಒಳಗೆ ಸೇರಿದ ಹುಳ ಅಲ್ಲೇ ಸಂಸಾರ ಹೂಡಿ, ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಅದರ ಮರಿಗಳು ಹಗಲಿಡೀ ದೇಹದ ಆಳದಲ್ಲಿ ಎಲ್ಲೋ ಅಡಗಿದ್ದು, ರಾತ್ರಿ ಮನುಷ್ಯ ಮಲಗಿದ ಮೇಲೆ ಚರ್ಮದ ಅಂಚಿನ ರಕ್ತಕ್ಕೆ ಬರುತ್ತವೆ. ಸೊಳ್ಳೆ ಬರುವುದೂ ಆಗಲೇ. ಇಬ್ಬರಿಗೂ ಹೊತ್ತು ಗೊತ್ತುಮಾಡಿ ಕೊಟ್ಟವನು ಯಾರೋ ಅವನೇ ಬಲ್ಲ. ಹೀಗಾಗಿ ರೋಗ ಪತ್ತೆಯಾಗಬೇಕಾದರೆ ರಕ್ತವನ್ನು ರಾತ್ರಿಯೇ ತೆಗೆಯಬೇಕು. ಹಗಲು ತೆಗೆದರೆ ಮೈತುಂಬ ಹುಳ ಇದ್ದವನ ರಕ್ತವೂ ಮಗುವಿನ ರಕ್ತದ ಹಾಗೆ ಕಾಣುತ್ತದೆ.

ವಿಠಲರಾಯರು ಕುಂಬಳೆಯವರು. ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರ ಸರಕಾರಿ ಕೆಲಸವೂ ಕೇರಳಕ್ಕೆ ಸೇರಿ, ಮರುವರ್ಷವೇ ಕೊಚ್ಚಿಗೆ ವರ್ಗವಾಯಿತು. ಅಂದಿನಿಂದ ದಿನವೂ ರಾತ್ರಿ ಎಂಟೂವರೆಗೆ ಅವರು ಹೊರಡುವುದು, ಪೈಲಿ ಲಾಟೀನು ಹಿಡಿದು ಮುಂದೆ ನಡೆಯುವುದು, ಮನೆಮನೆಯ ಬಾಗಿಲು ತಟ್ಟಿ, ನಿದ್ದೆಗಣ್ಣಿನವರ ಬೆರಳು ಚುಚ್ಚಿ ರಕ್ತ ತೆಗೆಯುವುದು. ಮಲಯಾಳದಲ್ಲಿ ರಕ್ತಕ್ಕೆ ಚೋರ ಎನ್ನುತ್ತಾರೆ. ಬೀದಿಯವರು ಅವರನ್ನು ‘ಚೋರಸ್ವಾಮಿ’ ಎಂದು ಕರೆಯುತ್ತಿದ್ದರು. ಊರಿನಿಂದ ಬಂದಿದ್ದ ಮಾವನವರು ಇದನ್ನು ಕೇಳಿ ಎರಡು ದಿನ ಅಳಿಯನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ.

ಕೆಲಸ ಮುಗಿದು ಮನೆ ಸೇರುವಾಗ ಒಂದೂವರೆ. ಉಳಿದವರು ಹೋದವರೇ ಮಲಗಿ ಬೆಳಿಗ್ಗೆ ಒಂಬತ್ತಕ್ಕೆ ಏಳುತ್ತಿದ್ದರು. ವಿಠಲರಾಯರಿಗೆ ಅದು ಆಗದು. ಉಪನಯನವಾದಂದಿನಿಂದ ಬ್ರಾಹ್ಮೀ ಮುಹೂರ್ತದ ಸ್ನಾನ ತಪ್ಪಿಸಿದವರಲ್ಲ. ಒಂದೂವರೆಗೆ ಮಲಗಿ ನಾಲ್ಕಕ್ಕೆ ಏಳುವುದೆಂದರೆ ನಿದ್ದೆಗೂ ಮರ್ಯಾದೆಯಲ್ಲ, ಸ್ನಾನಕ್ಕೂ ಮರ್ಯಾದೆಯಲ್ಲ ಎಂದು ಯೋಚಿಸಿ, ಮಲಗುವುದನ್ನೇ ಬಿಟ್ಟರು. ದೀಪದ ಹತ್ತಿರ ಕೂತು ಭಾಗವತದ ಒಂದು ಅಧ್ಯಾಯ ಓದುವುದು, ನಾಲ್ಕಕ್ಕೆ ಸ್ನಾನ, ಜಪ, ಪೂಜೆ, ದೇವಸ್ಥಾನ. ಬಂದು ಗಂಜಿ ಉಂಡು ಏಳು ಗಂಟೆಗೆ ಚಾಪೆ ಹಾಸಿಕೊಂಡರೆ ಏಳುವಾಗ ಮಧ್ಯಾಹ್ನ ಎರಡು.

ಇದನ್ನು ಅವರು ನಿದ್ದೆ ಎನ್ನುತ್ತಿರಲಿಲ್ಲ. ಹಗಲು ನಿದ್ದೆ ಶಾಸ್ತ್ರಕ್ಕೆ ಸಲ್ಲದ್ದು. ಅವರ ಅಜ್ಜ ಹಗಲು ಮಲಗಿದವರ ಕೈಯಿಂದ ನೀರು ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದ ವಿಠಲರಾಯರು ಅದನ್ನು ಅಡ್ಡಾಗುವುದು ಎನ್ನುತ್ತಿದ್ದರು. ದಿನಕ್ಕೆ ಏಳು ಗಂಟೆ ಅಡ್ಡಾಗುತ್ತಿದ್ದರು. ಭಾನುವಾರವೂ ಕ್ರಮ ತಪ್ಪುತ್ತಿರಲಿಲ್ಲ.

ವರ್ಷಕ್ಕೆ ಎರಡು ಮೂರು ಸಲ ಅವರಿಗೆ ಚಳಿಜ್ವರ ಬರುತ್ತಿತ್ತು. ತೊಡೆಸಂದಿನಲ್ಲಿ ಗಂಟು ಕಟ್ಟಿ, ಎಡಗಾಲು ಕೆಂಪಗೆ ಬಾತು, ನಾಲ್ಕು ದಿನದಲ್ಲಿ ಇಳಿಯುತ್ತಿತ್ತು. ಬೇರೆ ಯಾರಿಗಾದರೂ ಹೀಗಾಗಿದ್ದರೆ ವಿಠಲರಾಯರು ಅವರ ಮುಖ ನೋಡಿಯೇ ರೋಗದ ಹೆಸರು ಹೇಳುತ್ತಿದ್ದರು. ತನಗೆ ಆದಾಗ ಹೆಚ್ಚು ನಡೆದದ್ದರಿಂದ ಎಂದರು. ಸ್ಲೈಡು ಶುದ್ಧವಾಗಿರುವಾಗ ಬೇರೆ ಏನು ಹೇಳಲು ಬರುತ್ತದೆ?

ಅರವತ್ತೆಂಟನೇ ಇಸವಿಯ ಮಾಘದಲ್ಲಿ ಮಗಳು ಹರಿಣಾಕ್ಷಿಗೆ ತಿರುವನಂತಪುರದಿಂದ ಒಂದು ಸಂಬಂಧ ಬಂತು. ಹುಡುಗ ಮೋಹನ, ತುಂಬಾದ ರಾಕೆಟ್ ಕೇಂದ್ರದಲ್ಲಿ ಡ್ರಾಫ್ಟ್ಸ್‌ಮನ್. ಕೊಚ್ಚಿಯ ಕನ್ನಡ ಸಂಘದ ದಸರಾ ಕಾರ್ಯಕ್ರಮಕ್ಕೆ ಬಂದಿದ್ದವನು ಹರಿಣಾಕ್ಷಿಯನ್ನು ನೋಡಿದ್ದ, ಮಾತಾಡಿಸಿದ್ದ, ಊರಿಗೆ ಹೋಗಿ ತಂದೆಗೆ ಹೇಳಿದ್ದ. ತಂದೆ ಯಜ್ಞನಾರಾಯಣಯ್ಯನವರು ಮೈಸೂರಿನವರು, ತಿರುವನಂತಪುರದಲ್ಲಿ ಕೇಂದ್ರ ಸರಕಾರದ ಆಡಿಟ್ ಕಚೇರಿಯಲ್ಲಿದ್ದರು.

“ನಿನಗೆ ಒಪ್ಪಿಗೆ ಉಂಟಾ?” ಎಂದು ತಾಯಿ ಚಂದ್ರಾವತಿ ಮಗಳನ್ನು ಕೇಳಿದರು.

“ಇಷ್ಟಾಣ್,” ಎಂದಳು ಹರಿಣಾಕ್ಷಿ.

“ಕನ್ನಡದಲ್ಲಿ ಹೇಳು ಮಾರಾಯ್ತಿ. ಮದುವೆ ವಿಷಯವಾದರೂ ಕನ್ನಡದಲ್ಲಿ ಹೇಳು.”

“ಕನ್ನಡದಲ್ಲಿ ಹೇಳ್ಲಿಕ್ಕೆ ನಾಚಿಕೆ ಆಗ್ತದೆ ಅಮ್ಮ.”

ಚಂದ್ರಾವತಿಗೆ ಅಷ್ಟು ಸಾಕಾಯಿತು. ಹುಡುಗಿ ಇದುವರೆಗೆ ಎರಡು ಸಂಬಂಧಕ್ಕೆ ‘ವೇಂಡ’ ಎಂದು ಮಲಯಾಳದಲ್ಲಿ ಹೇಳಿ, ಬೇಡವೆಂದು ಕನ್ನಡದಲ್ಲಿಯೂ ಹೇಳಿದ್ದಳು. ಆಗ ನಾಚಿಕೆಯೇನೂ ಅಡ್ಡ ಬಂದಿರಲಿಲ್ಲ.

ಜಾತಕ ಕೂಡಿತು. ಆಮೇಲೆ ಯಜ್ಞನಾರಾಯಣಯ್ಯನವರ ಕಾಗದ ಬಂತು. ಎಲ್ಲವೂ ತೃಪ್ತಿಕರವಾಗಿದೆ, ಆದರೆ ತಾವು ಇರುವ ಊರು ಕೊಚ್ಚಿ. ಅಲ್ಲಿಯ ಕಾಲಿನ ವಿಚಾರ ಲೋಕಕ್ಕೇ ತಿಳಿದದ್ದು. ಆದಕಾರಣ ತಮ್ಮ ಮನೆಯ ಮೂವರ ರಕ್ತದ ಬಗ್ಗೆಯೂ ಸರ್ಟಿಫಿಕೇಟು ಕಳಿಸಿದರೆ ಮುಂದಿನ ಮಾತು ಎಂದು ಬರೆದಿದ್ದರು. ವಿಠಲರಾಯರಿಗೆ ಬೇಸರವಾಗಲಿಲ್ಲ. ಇಂಥ ಕಾರಣಕ್ಕೆ ತಪ್ಪಿಹೋದ ಮದುವೆಗಳನ್ನು ಅವರು ಬೇಕಾದಷ್ಟು ನೋಡಿದ್ದರು. ರೋಗ ಮುಟ್ಟಿದರೆ ಬರುವುದಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಬರುವುದಿಲ್ಲ ಎಂದು ಎಷ್ಟೋ ಜಗಲಿಗಳಲ್ಲಿ ಕೂತು ಹೇಳಿದ್ದರು. ಜನ ಕೇಳಿ, ಹೌದು ಸ್ವಾಮಿ ಎಂದು, ಕಾಫಿ ಕೊಟ್ಟು, ಸಂಬಂಧ ಮುರಿದುಕೊಳ್ಳುತ್ತಿದ್ದರು.

ಹೆಂಡತಿ ಮಗಳ ರಕ್ತವನ್ನು ರಾತ್ರಿ ಹತ್ತಕ್ಕೆ ತೆಗೆದರು. ಶುದ್ಧವಾಗಿತ್ತು. ಡಾಕ್ಟರು ಸಹಿ ಹಾಕಿದರು. ತನ್ನದನ್ನು ಮರುದಿನ ರಾತ್ರಿ ತಾನೇ ತೆಗೆದು, ತಾನೇ ನೋಡಿ, ಅಷ್ಟರಲ್ಲಿ ಡಾಕ್ಟರು ರಜೆ ಹೋಗಿದ್ದರಿಂದ ತಾನೇ ಸಹಿ ಹಾಕಿ ಕಳಿಸಿದರು.

ಎಂಟೇ ದಿನಕ್ಕೆ ಉತ್ತರ ಬಂತು. ಕ್ರಮಾಂಕ ಒಂದು ಮತ್ತು ಎರಡನ್ನು ಅಂಗೀಕರಿಸಲಾಗಿದೆ. ಮೂರನೆಯದರಲ್ಲಿ ಸರ್ಟಿಫಿಕೇಟು ಪಡೆದವರೂ ಕೊಟ್ಟವರೂ ಒಬ್ಬರೇ ಆಗಿರುವುದರಿಂದ ಅಂಗೀಕರಿಸಲು ಬರುವುದಿಲ್ಲ. ಬರುವ ಗುರುವಾರ ಖುದ್ದಾಗಿ ಬರುತ್ತೇವೆ, ನಮ್ಮೆದುರಿಗೆ ಪರೀಕ್ಷೆಯಾಗಲಿ.

“ಎಂತಹ ಜನ ಇವರು,” ಎಂದರು ಚಂದ್ರಾವತಿ.

“ಸರಿಯಾಗಿಯೇ ಬರೆದಿದ್ದಾರೆ,” ಎಂದರು ವಿಠಲರಾಯರು. “ನಾನಾದರೂ ಹಾಗೇ ಬರೀತಿದ್ದೆ.”

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಎರ್ನಾಕುಲಂನಿಂದ ದೋಣಿಯಲ್ಲಿ ಯಜ್ಞನಾರಾಯಣಯ್ಯನವರೂ ಅವರ ಹೆಂಡತಿ ದಾಕ್ಷಾಯಣಮ್ಮನವರೂ ಬಂದಿಳಿದರು. ಅಂದು ವಿಠಲರಾಯರು ಅಡ್ಡಾಗಿರಲಿಲ್ಲ. ಕಣ್ಣು ಕೆಂಪಗಿದ್ದವು. ಉಪ್ಪಿಟ್ಟು, ಬಾಳೆಹಣ್ಣು, ಕಾಫಿ ಆಯಿತು. ಸಂಬಂಧ ನಿಶ್ಚಯವಾಗದೆ ಹೆಣ್ಣಿನ ಮನೆಯಲ್ಲಿ ಎಲೆ ಹಾಕಿಸಿಕೊಳ್ಳುವಂತಿಲ್ಲ. ಆದರೂ ಎಲ್ಲ ಸರಿಹೋದರೆ ಇರಲಿ ಎಂದು ಚಂದ್ರಾವತಿ ಒಳಗೆ ಪಾಯಸ ಮಾಡಿ ಮುಚ್ಚಿಟ್ಟಿದ್ದರು. ಹರಿಣಾಕ್ಷಿ ಬಂದು ನಮಸ್ಕಾರ ಮಾಡಿದಳು. ದಾಕ್ಷಾಯಣಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಡೆ ಮುಟ್ಟಿ ನೋಡಿ, “ನಮ್ಮ ಮೋಹನ ಊಟದ ಹೊತ್ತಿಗೂ ಕಾಗದದ ಮೇಲೆ ಗೆರೆ ಎಳೀತಾ ಕೂತಿರ್ತಾನಮ್ಮ, ನೀನೇ ಎಬ್ಬಿಸಬೇಕಾಗತ್ತೆ,” ಎಂದರು. ಹುಡುಗಿಯ ಕಿವಿ ಕೆಂಪಾಯಿತು.

“ಇನ್ನು ರಕ್ತ ತೆಗೀರಿ,” ಎಂದರು ಯಜ್ಞನಾರಾಯಣಯ್ಯ.

“ಈಗ ಆಗುದಿಲ್ಲ. ರಾತ್ರಿ ತೆಗೀಬೇಕು. ಎಂಟೂವರೆ ಕಳೀಬೇಕು.”

“ರಾತ್ರಿವರೆಗೆ ನಾವೆಲ್ಲಿ ಇರೋದು ಸ್ವಾಮಿ? ನಾಲ್ಕು ಗಂಟೆ ಚಿಲ್ಲರೆಗೆ ನಮ್ಮ ರೈಲು. ನಾಳೆ ಆಫೀಸಿದೆ.”

“ಹಗಲಿನ ರಕ್ತಕ್ಕೆ ಬೆಲೆ ಇಲ್ಲ. ಹುಳ ಇದ್ದವನದ್ದೂ ಹಗಲು ಶುದ್ಧವೇ ಕಾಣ್ತದೆ. ನಾನು ನಿಮಗೆ ಮೋಸ ಮಾಡಿದ ಹಾಗಾಗ್ತದೆ.”

“ಮೋಸ ಅಲ್ಲ ಬಿಡಿ, ನೀವೇ ಹೇಳಿದ ಮೇಲೆ ಮೋಸ ಹೇಗಾಗುತ್ತೆ? ನಮ್ಮೆದುರಿಗೆ ಒಂದು ಪರೀಕ್ಷೆ ನಡೀತು ಅಂತ ಇರಲಿ. ಮನೆಯಲ್ಲಿ ನಮ್ಮಣ್ಣ ಇದ್ದಾರೆ, ಅವರು ಕೇಳ್ತಾರೆ. ನೋಡಿದೆ ಅಂತ ಹೇಳೋಕೆ ನನಗೊಂದು ಆಧಾರ ಬೇಕು.”

ವಿಠಲರಾಯರು ಮತ್ತೂ ಎರಡು ಸಲ ಬೇಡವೆಂದರು. ಕೊನೆಗೆ, ಬೆಲೆಯಿಲ್ಲದ ಕೆಲಸವೆಂದು ಮೊದಲೇ ಹೇಳಿ ಮಾಡಿದರೆ ದೋಷವಿಲ್ಲ ಎಂದುಕೊಂಡು ಶಾಲು ಹೊದ್ದು ಹೊರಟರು.

ಆಫೀಸಿನಲ್ಲಿ ಪೈಲಿ ಒಬ್ಬನೇ ಇದ್ದು ಸ್ಲೈಡು ತೊಳೆಯುತ್ತಿದ್ದ. ಬೀಗರಾಗುವವರಿಗೆ ಕುರ್ಚಿ ಹಾಕಿದ. ಗೋಡೆಯ ಗಡಿಯಾರ ಹನ್ನೆರಡೂ ಐದು ತೋರಿಸುತ್ತಿತ್ತು. ಬಣ್ಣ ಹಾಕಿ ಒಣಗಿಸುವಷ್ಟು ಸಮಯವಿರಲಿಲ್ಲ. ವಿಠಲರಾಯರು ಎಡಗೈಯ ಉಂಗುರದ ಬೆರಳು ಚುಚ್ಚಿಕೊಂಡು, ಒಂದು ಹನಿಯನ್ನು ಗಾಜಿನ ಮೇಲಿಟ್ಟು, ತೆಳುಗಾಜು ಮುಚ್ಚಿ, ಹಸಿಯಾಗಿಯೇ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹೀಗೆ ನೋಡಿದರೆ ಹುಳ ಜೀವಂತವಾಗಿ ಕಾಣುತ್ತದೆ. ಇದ್ದರೆ.

ಅವರು ಕಣ್ಣಿಟ್ಟು ಗಾಜನ್ನು ಒಂದು ಅಂಚಿನಿಂದ ಮೆಲ್ಲನೆ ಸರಿಸತೊಡಗಿದರು. ಕೆಂಪು ಕಣಗಳು ಜಾತ್ರೆಯ ಜನದ ಹಾಗೆ ಒತ್ತಾಗಿ ನಿಂತಿದ್ದವು. ಒಂದು ಕಡೆ ಜನ ಅಲುಗಾಡಿದರು. ವಿಠಲರಾಯರು ಸರಿಸುವುದನ್ನು ನಿಲ್ಲಿಸಿದರು. ಕಣಗಳನ್ನು ಆಚೀಚೆ ನೂಕುತ್ತ, ನೂಲಿನ ಎಳೆಯಷ್ಟು ತೆಳ್ಳಗಿನ ಒಂದು ಹುಳ ಬಳುಕುತ್ತಿತ್ತು. ಬಹಳ ಲಕ್ಷಣವಾದ ಹುಳ. ಹೊಸಬರಿಗೆ ತೋರಿಸಲು ಇಂಥದ್ದೇ ಬೇಕೆಂದು ಅವರು ಎಷ್ಟೋ ದಿನ ಹುಡುಕುತ್ತಿದ್ದರು.

ಸ್ವಲ್ಪ ಸರಿಸಿದಾಗ ಎರಡನೆಯದು ಕಂಡಿತು. ಆಮೇಲೆ ಎರಡು ಒಟ್ಟಿಗೆ.

“ಮುಗೀತೇನ್ರೀ?” ಎಂದರು ಯಜ್ಞನಾರಾಯಣಯ್ಯ. “ಏನೂ ಇಲ್ಲ ತಾನೇ? ಹಾಗಂತ ಒಂದು ಸಾಲು ಬರೆದುಬಿಡಿ.”

ಪೆನ್ನು, ಕಾಗದ ಮೇಜಿನ ಮೇಲೇ ಇತ್ತು. ಆ ಕೋಣೆಯಲ್ಲಿ ಹುಳದ ಗುರುತು ಬಲ್ಲವರು ಇಬ್ಬರೇ. ಪೈಲಿ ಬೆನ್ನು ಹಾಕಿ ನೀರು ಬಿಡುತ್ತಿದ್ದ. ಹಗಲಿನ ರಕ್ತಕ್ಕೆ ಬೆಲೆಯಿಲ್ಲವೆಂದು ವಿಠಲರಾಯರೇ ಮೂರು ಸಲ ಹೇಳಿ ಆಗಿತ್ತು. ಇಲಾಖೆಯ ನಿಯಮವೂ ಅದೇ. ಏನೂ ಇಲ್ಲವೆಂದು ಬರೆದರೆ, ಎಲ್ಲರಿಗೂ ಮೊದಲೇ ಗೊತ್ತಿದ್ದ ಮಾತನ್ನು ಬರೆದಂತಾಗುತ್ತಿತ್ತು. ಮನೆಯಲ್ಲಿ ಮಗಳು ಜಗಲಿಯ ಕಂಬದ ಹತ್ತಿರ ನಿಂತಿರಬಹುದು. ವಿಠಲರಾಯರು ಕಣ್ಣು ತೆಗೆಯದೆ ಗಾಜಿನ ಇನ್ನೊಂದು ಅಂಚಿನವರೆಗೂ ನೋಡಿದರು. ಅರ್ಧಕ್ಕೆ ನಿಲ್ಲಿಸುವ ಪದ್ಧತಿ ಅವರಿಗಿರಲಿಲ್ಲ.

“ಉಂಟು,” ಎಂದರು.

“ಏನು ಉಂಟು?”

“ಹುಳ. ಒಂಬತ್ತು.”

ಯಜ್ಞನಾರಾಯಣಯ್ಯನವರು ಎದ್ದು ಬಂದರು. “ಎಲ್ಲಿ?”

ವಿಠಲರಾಯರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಯಜ್ಞನಾರಾಯಣಯ್ಯ ಮೊದಲು ಮುಚ್ಚಬೇಕಾದ ಕಣ್ಣು ಬಿಟ್ಟು, ಬಿಡಬೇಕಾದ ಕಣ್ಣು ಮುಚ್ಚಿದರು. ಆಮೇಲೆ ಸರಿಪಡಿಸಿಕೊಂಡರು. ಬಹಳ ಹೊತ್ತು ನೋಡಿದರು.

“ಇದು ಓಡಾಡ್ತಿದೆಯಲ್ರೀ.”

“ಹೌದು. ಜೀವ ಉಂಟು.”

“ಹಗಲು ಕಾಣೋದಿಲ್ಲ ಅಂದಿದ್ರಿ.”

“ಅಂದಿದ್ದೆ.”

“ಮತ್ತೆ?”

“ಮತ್ತೆ ಎಂತ ಹೇಳುದೂಂತ ನನಗೂ ಗೊತ್ತಾಗುದಿಲ್ಲ. ಆದರೆ ಇದ್ದದ್ದು ಹೌದು.”

ದಾಕ್ಷಾಯಣಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ, “ಇದಕ್ಕೆ ಔಷಧ ಇದೆಯಾ?” ಎಂದು ಕೇಳಿದರು.

“ಹನ್ನೆರಡು ದಿನ ಮಾತ್ರೆ. ಹೆದರುವಂಥದ್ದು ಎಂತದ್ದೂ ಇಲ್ಲ. ಮುಟ್ಟಿದರೆ ಬರುದಿಲ್ಲ, ಮಕ್ಕಳಿಗೆ ಬರುದಿಲ್ಲ,” ಎಂದರು ವಿಠಲರಾಯರು. ಸಾವಿರ ಸಲ ಹೇಳಿದ ಮಾತು. ತನ್ನ ಬಗ್ಗೆ ಹೇಳುವಾಗ ಅದು ಸುಳ್ಳು ಹೇಳಿದ ಹಾಗೆ ಕೇಳಿಸುತ್ತದೆ ಎಂದು ಅವರಿಗೆ ಆಗ ತಿಳಿಯಿತು.

ಯಜ್ಞನಾರಾಯಣಯ್ಯ ಹೌದೆಂದು ತಲೆಯಾಡಿಸಿದರು. ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದರು. ಆಮೇಲೆ, ಬರೆದುಕೊಡುವುದನ್ನು ಬರೆದುಕೊಡಿ ಎಂದು ನೆನಪಿಸಿದರು. ವಿಠಲರಾಯರು ಬರೆದರು: ಹಗಲು ಹನ್ನೆರಡೂ ಐದಕ್ಕೆ ತೆಗೆದ ಹಸಿ ರಕ್ತ, ಒಂಬತ್ತು ಹುಳ, ಎಲ್ಲಕ್ಕೂ ಜೀವವಿದೆ. ಯಜ್ಞನಾರಾಯಣಯ್ಯ ಅದನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ದೋಣಿ ಹತ್ತಿದರು.

ಪೈಲಿ ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿದ. “ಸ್ವಾಮಿ, ಒಂಬತ್ತಲ್ಲ. ಹತ್ತು,” ಎಂದ.

ಚಂದ್ರಾವತಿ ಎಲ್ಲವನ್ನೂ ಕೇಳಿದರು. “ನಿಮ್ಮ ಹತ್ತಿರ ಹಗಲು ನೋಡಿ ಅಂದವರು ಯಾರು?” ಎಂದರು. “ರಾತ್ರಿ ಆಗದೆ ತೆಗಿಯುದಿಲ್ಲ ಅಂತ ಹಟ ಹಿಡಿದು ಕೂತಿದ್ರೆ ಆಗ್ತಿರ್ಲಿಲ್ವಾ? ಉಳಿದದ್ದಕ್ಕೆಲ್ಲ ಹಟ ಉಂಟು ನಿಮಗೆ.”

“ಹಿಡಿದೆ. ಅವರ ಹಟ ದೊಡ್ಡದಾಯ್ತು.”

“ನೋಡಿದ ಮೇಲಾದ್ರೂ ಬಾಯಿ ಮುಚ್ಚಿಕೊಳ್ಬಹುದಿತ್ತು.”

“ಅವರೂ ನೋಡಿದ್ರು.”

“ನೀವು ತೋರಿಸಿದ್ರಿಂದ ನೋಡಿದ್ರು.”

ಹರಿಣಾಕ್ಷಿ ಮೂರು ಎಲೆ ಹಾಕಿ ಪಾಯಸ ಬಡಿಸಿದಳು. ತಂದೆಗೆ ಮೊದಲು ಬಡಿಸಿದಳು. “ಅಪ್ಪ, ಕಾಲು ನೋವುಂಟಾ ಈಗ?” ಎಂದು ಕನ್ನಡದಲ್ಲೇ ಕೇಳಿದಳು. ಇಲ್ಲವೆಂದರು. ಅವಳು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ವಿಠಲರಾಯರು ಪಾಯಸವನ್ನು ಎಲೆಯಲ್ಲಿ ಬಿಡುವಂತಿಲ್ಲವೆಂದು ಕುಡಿದು ಮುಗಿಸಿದರು.

ಮರುದಿನ ಡಾಕ್ಟರ್ ಕುರಿಯಾಕೋಸ್ ವಿಠಲರಾಯರನ್ನು ಎದುರು ಕೂರಿಸಿಕೊಂಡರು. ಮಾತು ಮಲಯಾಳದಲ್ಲಿ ನಡೆಯಿತು.

“ರಾತ್ರಿ ಪಾಳಿಯ ಕಾವಲುಗಾರರ ಬಗ್ಗೆ ಹೊಸಬರಿಗೆ ಏನು ಪಾಠ ಹೇಳ್ತೀರಿ ರಾವ್?”

“ಹುಳ ನೋಡುವುದು ಗಡಿಯಾರವನ್ನಲ್ಲ, ಮನುಷ್ಯನ ನಿದ್ದೆಯನ್ನು. ಹಗಲು ಮಲಗಿ ರಾತ್ರಿ ಎಚ್ಚರ ಇರುವವರಲ್ಲಿ ಅದು ಹಗಲು ಹೊರಗೆ ಬರ್ತದೆ. ಒಂದು ದಿನ ನಿದ್ದೆ ಬಿಟ್ಟರೂ ಆ ರೂಢಿ ತಪ್ಪುವುದಿಲ್ಲ. ಅಂಥವರ ರಕ್ತ ಹಗಲೇ ತೆಗೀಬೇಕು.”

“ನೀವು ಹಗಲು ನಿದ್ದೆ ಮಾಡ್ತೀರಾ?”

“ಇಲ್ಲ.”

“ಏಳರಿಂದ ಎರಡರವರೆಗೆ ಏನು ಮಾಡ್ತೀರಿ?”

“ಅಡ್ಡಾಗ್ತೇನೆ.”

“ಕಣ್ಣು ಮುಚ್ಚಿಕೊಂಡೋ?”

“ಮುಚ್ಚಿಕೊಂಡು.”

“ಗೊರಕೆ?”

ವಿಠಲರಾಯರು ಯೋಚಿಸಿದರು. “ಹೆಂಡತಿಯನ್ನು ಕೇಳಬೇಕು,” ಎಂದರು.

ಡಾಕ್ಟರು ಮಾತ್ರೆಯ ಪೊಟ್ಟಣ ಕೊಟ್ಟು, ಮೂರು ತಿಂಗಳು ಹಗಲಿನ ಕೆಲಸಕ್ಕೆ ಹಾಕಿದರು. ಪಾಠದ ಪೆಟ್ಟಿಗೆಯಿಂದ ಶುದ್ಧ ರಕ್ತದ ಸ್ಲೈಡನ್ನು ತೆಗೆದು ಗುಮಾಸ್ತನದನ್ನು ಇಟ್ಟರು. ಮಾತ್ರೆ ತೆಗೆದುಕೊಂಡ ಮೊದಲ ದಿನ ವಿಠಲರಾಯರಿಗೆ ಮೈ ಸುಡುವ ಜ್ವರ ಬಂತು. ಹುಳ ಸಾಯುವಾಗ ಹಾಗಾಗುತ್ತದೆ. ಚಾಪೆಯಲ್ಲಿ ಮಲಗಿ ಅವರು, ಹನ್ನೊಂದು ವರ್ಷ ಈ ಹುಳಗಳು ನಾನು ಏಳುವ ಹೊತ್ತಿಗೆ ಸರಿಯಾಗಿ ಮಲಗಿ, ನಾನು ಮಲಗುವ ಹೊತ್ತಿಗೆ ಸರಿಯಾಗಿ ಎದ್ದವಲ್ಲ, ಯಾರು ಹೇಳಿಕೊಟ್ಟರೋ ಎಂದು ಯೋಚಿಸಿದರು. ನಾನು ನಿದ್ದೆಯಲ್ಲ ಎಂದುಕೊಂಡದ್ದನ್ನು ಅವು ನಿದ್ದೆಯೆಂದೇ ತಿಳಿದಿದ್ದವು. ದೇವರ ಮುಂದೆ ಕೂತಾಗ ಕೃತಜ್ಞತೆಯ ಆ ಒಂದು ಬಾಬನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಿದರು.

ರಾತ್ರಿ ನಿದ್ದೆ ಅವರಿಗೆ ಮೊದಮೊದಲು ಬರಲಿಲ್ಲ. ಎರಡು ವಾರದಲ್ಲಿ ಅಭ್ಯಾಸವಾಯಿತು.

ತಿರುವನಂತಪುರದ ಕಾಗದ ತಿಂಗಳಾದರೂ ಬರಲಿಲ್ಲ. ಹರಿಣಾಕ್ಷಿ ಅಂಚೆಯವನು ಬರುವ ಹೊತ್ತಿಗೆ ಜಗಲಿಯಲ್ಲಿ ಕೂತು ಏನಾದರೂ ಹೊಲಿಯುತ್ತಿದ್ದಳು, ಅವನು ಹೋದ ಮೇಲೆ ಒಳಗೆ ಹೋಗುತ್ತಿದ್ದಳು. ಮನೆಯಲ್ಲಿ ಮೂವರೂ ಬೇರೆ ವಿಷಯ ಮಾತಾಡುವುದು ಕಲಿತರು.

ಚೈತ್ರದಲ್ಲಿ ಕಾಗದ ಬಂತು. ಮೂರು ಪುಟವಿತ್ತು. ತಾವು ಕೊಚ್ಚಿಯಿಂದ ಹಿಂದಿರುಗಿದ ಮೇಲೆ ಮನೆಯವರ ಒತ್ತಾಯದಂತೆ ಬೇರೆ ನಾಲ್ಕು ಸಂಬಂಧಗಳನ್ನು ಪರಿಶೀಲಿಸಿದ್ದಾಗಿ ಯಜ್ಞನಾರಾಯಣಯ್ಯ ಬರೆದಿದ್ದರು. ತಿರುವನಂತಪುರವೂ ಸೊಳ್ಳೆಯ ಊರೇ ಆದ್ದರಿಂದ ನಾಲ್ವರಿಂದಲೂ ಸರ್ಟಿಫಿಕೇಟು ತರಿಸಿದರಂತೆ. ನಾಲ್ಕರಲ್ಲೂ ರಕ್ತ ಶುದ್ಧವೆಂದಿತ್ತು. ವಿಚಾರಿಸಿದಾಗ ನಾಲ್ಕನ್ನೂ ಹಗಲು ಹತ್ತರಿಂದ ಐದರೊಳಗೆ ತೆಗೆದದ್ದೆಂದು ತಿಳಿಯಿತು. ತಾವೇ ಹೇಳಿದಂತೆ ಹಗಲಿನ ಶುದ್ಧ ರಕ್ತಕ್ಕೆ ಬೆಲೆಯಿಲ್ಲವಾದ್ದರಿಂದ ನಾಲ್ಕನ್ನೂ ತಿರಸ್ಕರಿಸಲಾಗಿದೆ. ಹಗಲು ಹುಳ ಕಂಡದ್ದಕ್ಕೆ ಬೆಲೆಯಿಲ್ಲವೆಂದು ತಾವು ಹೇಳಿಲ್ಲ. ಆದಕಾರಣ ನಮ್ಮಲ್ಲಿರುವ ಐದು ಹಗಲಿನ ಸರ್ಟಿಫಿಕೇಟುಗಳಲ್ಲಿ ಸಿಂಧುವಾದದ್ದು ತಮ್ಮದೊಂದೇ.

ಕೊನೆಯಲ್ಲಿ, ಮೋಹನ ಈ ನಾಲ್ಕರಲ್ಲಿ ಯಾವ ಹುಡುಗಿಯನ್ನೂ ನೋಡಲು ಹೋಗಲಿಲ್ಲವೆಂದೂ, ಮಾತ್ರೆ ಮುಗಿದಿದ್ದರೆ ಸಂಸಾರ ಸಮೇತ ಬಂದು ನಮ್ಮೆದುರು ಇನ್ನೊಂದು ಸಲ ರಕ್ತ ಕೊಟ್ಟು ಹೋಗಬೇಕೆಂದೂ, ಶುದ್ಧವಿದ್ದರೆ ಅದೇ ದಿನ ನಿಶ್ಚಯ ಮಾಡೋಣವೆಂದೂ ಇತ್ತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೂವರೂ ತಿರುವನಂತಪುರ ತಲುಪಿದರು. ಕೋಟೆಯೊಳಗೆ, ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮನೆ. ಮನೆಯ ಮುಂದಿನ ನೀರು ನಿಂತ ಚರಂಡಿಯನ್ನು ವಿಠಲರಾಯರು ದಾಟುವ ಮೊದಲು ನಿಂತು ನೋಡಿದರು. ಒಳಗೆ ಹೂವು, ಹಣ್ಣು, ಎಲೆಅಡಿಕೆ ತಟ್ಟೆಯಲ್ಲಿ ಸಿದ್ಧವಾಗಿತ್ತು. ಮೋಹನ ಬಾಗಿಲ ಪಕ್ಕದಲ್ಲಿ ನಿಂತಿದ್ದ. ಹರಿಣಾಕ್ಷಿಯನ್ನು ನೋಡಿ ಏನೋ ಹೇಳಲು ಹೋಗಿ ತಂದೆಯನ್ನು ಕಂಡು ಸುಮ್ಮನಾದ. ಅಲ್ಲಿಯ ಕ್ಲಿನಿಕ್ಕಿನಿಂದ ಕೃಷ್ಣಮೂರ್ತಿ ಎಂಬ ಟೆಕ್ನೀಷಿಯನ್ ಪೆಟ್ಟಿಗೆ ಸಮೇತ ಬಂದು ಕೂತಿದ್ದ.

“ಸರಿಯಾಗಿ ಹನ್ನೆರಡೂ ಐದಕ್ಕೇ ಏರ್ಪಾಡು ಮಾಡಿದೀನಿ,” ಎಂದರು ಯಜ್ಞನಾರಾಯಣಯ್ಯ ತೃಪ್ತಿಯಿಂದ. “ಬೆರಳು ಕೊಡಿ.”

ವಿಠಲರಾಯರು ಬೆರಳು ಕೊಡಲಿಲ್ಲ. ಚಂದ್ರಾವತಿಗೆ ಏನೋ ಆಗುತ್ತದೆಯೆಂದು ಗೊತ್ತಾಗಿ ಗಂಡನ ಶಾಲಿನ ತುದಿ ಹಿಡಿದರು.

“ಈಗ ತೆಗೆದರೆ ಆಗುದಿಲ್ಲ,” ಎಂದರು ವಿಠಲರಾಯರು. “ಒಂದೂವರೆ ತಿಂಗಳಾಯ್ತು ನಾನು ರಾತ್ರಿ ಮಲಗ್ಲಿಕ್ಕೆ ಸುರು ಮಾಡಿ. ಹುಳ ಉಳಿದಿದ್ರೆ ಅದೂ ಈಗ ರಾತ್ರಿಗೆ ಬದಲಾಗಿರ್ತದೆ. ಹಗಲಿನ ರಕ್ತ ಶುದ್ಧವೇ ಕಾಣ್ತದೆ. ಅದಕ್ಕೆ ಬೆಲೆ ಇಲ್ಲ.”

ಹರಿಣಾಕ್ಷಿ ನೆಲ ನೋಡಿದಳು. ಕೃಷ್ಣಮೂರ್ತಿ ಪೆಟ್ಟಿಗೆಯ ಮುಚ್ಚಳ ಹಾಕಿ, “ಅವರು ಹೇಳೋದು ಸರಿ ಸಾರ್. ನಾನು ರಾತ್ರಿ ಒಂಬತ್ತಕ್ಕೆ ಬರ್ತೀನಿ,” ಎಂದ.

“ರಾತ್ರಿಯೇ ಆಗಲಿ,” ಎಂದರು ಯಜ್ಞನಾರಾಯಣಯ್ಯ. “ನಿಯಮ ಅಂದ್ರೆ ನಿಯಮ. ನೀವು ಇಲ್ಲೇ ಇರಿ.”

“ಅದು ಹೇಗಾಗ್ತದೆ?” ಎಂದರು ಚಂದ್ರಾವತಿ. “ಮಾತು ನಿಶ್ಚಯ ಆಗದೆ ಹುಡುಗನ ಮನೇಲಿ ಹುಡುಗಿಯನ್ನು ರಾತ್ರಿ ಉಳಿಸಿಕೊಳ್ಳುದುಂಟಾ? ನಾಳೆ ಊರಲ್ಲಿ ಎಂತ ಹೇಳಿಯಾರು? ನಾವು ಛತ್ರಕ್ಕೆ ಹೋಗ್ತೇವೆ.”

“ಛತ್ರದಲ್ಲಿ ತೆಗೆದರೆ ನಮ್ಮೆದುರಿಗೆ ತೆಗೆದ ಹಾಗಾಗೋಲ್ಲ. ನನಗೆ ರಾತ್ರಿ ಹೊತ್ತು ಕಣ್ಣು ಕಾಣಿಸೋಲ್ಲ, ಅಲ್ಲಿಗೆ ಬರೋಕಾಗೋಲ್ಲ.”

“ರಕ್ತ ನೋಡದೆ ನಿಶ್ಚಯ ಇಲ್ಲ. ನಿಶ್ಚಯ ಇಲ್ಲದೆ ನಾವು ಉಳಿಯುವ ಹಾಗಿಲ್ಲ. ಉಳಿಯದೆ ರಕ್ತ ನೋಡುವ ಹಾಗಿಲ್ಲ,” ಎಂದರು ವಿಠಲರಾಯರು. ಹೇಳಿ ನೋಡಿದಾಗ ಅದರಲ್ಲಿ ಎಲ್ಲಿಯೂ ತಪ್ಪು ಕಾಣಲಿಲ್ಲ.

ದಾಕ್ಷಾಯಣಮ್ಮ ಗಂಡನ ಮುಖ ನೋಡಿದರು. ವಿಠಲರಾಯರ ಮುಖ ನೋಡಿದರು. ಇಬ್ಬರೂ ಒಂದೇ ರೀತಿ ಕೂತಿದ್ದರು. “ರಾಹುಕಾಲ ಎಷ್ಟು ಹೊತ್ತಿಗೆ?” ಎಂದು ಕೇಳಿದರು.

“ಭಾನುವಾರ. ನಾಲ್ಕೂವರೆಯಿಂದ ಆರು,” ಎಂದರು ಯಜ್ಞನಾರಾಯಣಯ್ಯ.

“ಹಾಗಾದ್ರೆ ಈಗಲೇ ಎಲೆಅಡಿಕೆ ಬದಲಾಯಿಸಿಬಿಡೋಣ. ಆಮೇಲೆ ಇವರು ನಮ್ಮ ಬೀಗರು, ಎಷ್ಟು ದಿನ ಬೇಕಾದ್ರೂ ಇರಬಹುದು. ರಾತ್ರಿ ನಿಧಾನವಾಗಿ ರಕ್ತ ತೆಗೀರಿ.”

“ಅಲ್ಲ ಕಣೇ, ರಕ್ತ ನೋಡಿ ತಾನೆ ನಿಶ್ಚಯ ಮಾಡಬೇಕಾದ್ದು?”

“ನೋಡೋದಕ್ಕೋಸ್ಕರವೇ ಮಾಡ್ತಿರೋದು.”

ಯಜ್ಞನಾರಾಯಣಯ್ಯ ಇದರಲ್ಲಿ ಆಕ್ಷೇಪಣೆಗೆ ಜಾಗ ಹುಡುಕಿದರು. ಎಲ್ಲಿಯೋ ಇದೆಯೆಂದು ಅನಿಸಿತು, ಸಿಗಲಿಲ್ಲ. ಅಷ್ಟರಲ್ಲಿ ಮೋಹನ ತಟ್ಟೆಯನ್ನು ತಂದು ಇಬ್ಬರು ತಂದೆಯರ ನಡುವೆ ಇಟ್ಟಿದ್ದ. ಒಂದೂವರೆಗೆ ತಾಂಬೂಲ ಬದಲಾಯಿತು, ಎರಡಕ್ಕೆ ಎಲೆ ಹಾಕಿದರು. ಮದುವೆ ವೈಶಾಖದಲ್ಲಿ ಎಂದು ಹುಳಿಯ ಹೊತ್ತಿಗೂ, ಕೊಚ್ಚಿಯಲ್ಲಿ ಎಂದು ಮಜ್ಜಿಗೆಯ ಹೊತ್ತಿಗೂ ತೀರ್ಮಾನವಾಯಿತು.

ರಾತ್ರಿ ಒಂಬತ್ತೂಕಾಲಕ್ಕೆ ಕೃಷ್ಣಮೂರ್ತಿ ಬಂದಾಗ ಯಜ್ಞನಾರಾಯಣಯ್ಯ ಊಟ ಮಾಡಿ ಆರಾಮಕುರ್ಚಿಯಲ್ಲಿಯೇ ನಿದ್ದೆ ಹೋಗಿದ್ದರು. ವಿಠಲರಾಯರು ದೀಪದ ಹತ್ತಿರ ಕೂತು ಬೆರಳು ಚಾಚಿದರು. ಕೃಷ್ಣಮೂರ್ತಿ ಬಹಳ ಹೊತ್ತು ನೋಡಿದ. ಚಂದ್ರಾವತಿ ಬಾಯಲ್ಲಿ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು.

“ಏನೂ ಇಲ್ಲ,” ಎಂದ ಅವನು.

“ಆ ಅಂಚು ನೋಡಿದ್ರಾ?”

“ನೋಡಿದೆ ಸಾರ್.”

“ಇನ್ನೊಂದು ಸಲ ನೋಡಿ.”

ಇನ್ನೊಂದು ಸಲ ನೋಡಿದ. ಇರಲಿಲ್ಲ. ಹರಿಣಾಕ್ಷಿ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೋಹನನಿಗೂ ಒಳಗೆ ಏನೋ ಕೆಲಸ ನೆನಪಾಯಿತು.

ಕೃಷ್ಣಮೂರ್ತಿ ಪೆಟ್ಟಿಗೆ ಮುಚ್ಚಲು ಹೊರಟ. ವಿಠಲರಾಯರು ತಡೆದರು. ಮನೆಯ ಮುಂದಿನ ಚರಂಡಿ ಅವರಿಗೆ ಸರಿಕಂಡಿರಲಿಲ್ಲ. ಮಗಳು ಇನ್ನು ಇದೇ ಮನೆಯಲ್ಲಿ ಮಲಗುವವಳು. ಆರಾಮಕುರ್ಚಿಯ ಕಡೆ ನೋಡಿದರು.

“ಅವರನ್ನು ಎಬ್ಬಿಸಬೇಕಾ?” ಎಂದು ದಾಕ್ಷಾಯಣಮ್ಮ ಪಿಸುಗುಟ್ಟಿದರು.

“ಬೇಡ,” ಎಂದರು ವಿಠಲರಾಯರು, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದುತ್ತ. “ಮಲಗಿದವರ ರಕ್ತವೇ ಒಳ್ಳೆಯದು.” ಮೆಲ್ಲನೆ ಹೋಗಿ ಬೀಗರ ಎಡಗೈಯನ್ನು ಕುರ್ಚಿಯ ತೋಳಿನಿಂದ ಎತ್ತಿಕೊಂಡರು.